ಮೊಬೈಲ್ ಕ್ಯಾಸಿನೋ: ಮಹದೇವಪುರದಲ್ಲಿರುವ ನಮ್ಮ ಯುವಜನರು ಎಚ್ಚರ

ಕರಾವಳಿಯಿಂದ ಕೆಲಸಕ್ಕೆಂದು ಹೋಗಿ ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಪಿ.ಜಿ.ಗಳಲ್ಲಿ ನೆಲೆಸಿರುವ ನಮ್ಮ ಯುವಜನರ ಮೊಬೈಲಿಗೂ ಆನ್‌ಲೈನ್ ಕ್ಯಾಸಿನೋಗಳ ಆಹ್ವಾನ ಬರುತ್ತದೆ. 'ನಮಗೆ ಲೈಸೆನ್ಸ್ ಇದೆ' ಎಂಬ ಅವರ ಮಾತನ್ನು ನಂಬಬಹುದೇ? ಖಂಡಿತ ಬೇಡ.

ರಾಜ್ಯ ಸರಕಾರ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತ್ತು. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷಗಳವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಹೀಗಿರುವಾಗ ಯಾವುದೋ ದ್ವೀಪದ ಲೈಸೆನ್ಸಿಗೆ ಇಲ್ಲಿ ಬೆಲೆಯಿಲ್ಲ. (ಗೋವಾದ ಮಾಂಡೋವಿ ನದಿಯ ಹಡಗುಗಳ ಕಥೆ ಬೇರೆ, ಆ ಲೈಸೆನ್ಸ್ ಮೊಬೈಲಿಗೆ ಬರುವುದಿಲ್ಲ.)

ಮೊದಲು ಸಣ್ಣ ಮೊತ್ತ ಗೆಲ್ಲಿಸುತ್ತಾರೆ. ದೊಡ್ಡ ಮೊತ್ತ ಹಿಂಪಡೆಯಲು ಹೊರಟಾಗ 'ಮೊದಲು ತೆರಿಗೆ ಕಟ್ಟಿ' ಎನ್ನುತ್ತಾರೆ. ಹಾಗೆ ಕೇಳಿದರೆ ಮೋಸವೆಂದೇ ತಿಳಿಯಬೇಕು. ಹಣ ಅಪರಿಚಿತ ವ್ಯಕ್ತಿಯ ಯುಪಿಐಗೆ ಹೋಗುವುದೂ ಅದೇ ಲಕ್ಷಣ. ನಮಗೆ ಹೆಚ್ಚು ಭಯವಿರುವುದು ಇನ್ನೊಂದರ ಬಗ್ಗೆ: ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನೇ ಇಂಥವರಿಗೆ ಬಾಡಿಗೆಗೆ ಕೊಡುವುದು. ಆಗ ಪೊಲೀಸರು ಹುಡುಕಿಕೊಂಡು ಬರುವುದು ಖಾತೆದಾರನನ್ನೇ.

ಅದೃಷ್ಟದ ಆಟವೇ ಪಾಪವೆಂದು ಧರ್ಮಸಭೆ ಹೇಳುವುದಿಲ್ಲ. ಮನೆಯ ಅಗತ್ಯಕ್ಕಿರುವ ಹಣವನ್ನು ಅದು ಕಸಿದಾಗ ತಪ್ಪು ಎನ್ನುತ್ತದೆ ಧರ್ಮೋಪದೇಶ ಗ್ರಂಥ (2413). ಊರಿಗೆ ಕಳುಹಿಸಬೇಕಾದ ಸಂಬಳ ಅಂಥದ್ದೇ.

ಹಣ ಕಳೆದುಕೊಂಡವರು ನಾಚಿಕೊಂಡು ಸುಮ್ಮನಿರಬಾರದು. ಕೇಂದ್ರದ ಈ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆಯಿಲ್ಲ. ಸಂದೇಶ, ಪಾವತಿಯ ವಿವರ ಅಳಿಸದೆ ಕೂಡಲೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಮನೆಯಲ್ಲಿ ವಿಷಯ ಗೊತ್ತಾದರೆ ಹೆತ್ತವರು ಬೈಯುವ ಮೊದಲು ಈ ಕರೆ ಮಾಡಿಸಲಿ.