ಇಮ್ಯಾಜಿಕಾ ಬಳಿ ಜಾಗ: ದಾಖಲೆ ನೋಡಿಯೇ ಮುಂಗಡ ಕೊಡಿ

ಖೊಪೋಲಿ ಸಮೀಪ 2013ರಲ್ಲಿ ಇಮ್ಯಾಜಿಕಾ ಥೀಮ್ ಪಾರ್ಕ್ ಆರಂಭವಾದ ಮೇಲೆ ಖಾಲಾಪುರ ತಾಲೂಕಿನ ಜಾಗಗಳತ್ತ ಮುಂಬಯಿ, ಪುಣೆಯವರ ಕಣ್ಣು ಹೊರಳಿತು. ಹೋಟೆಲ್ ಉದ್ಯಮದಲ್ಲಿರುವ ತುಳು-ಕನ್ನಡಿಗರೂ ಇದಕ್ಕೆ ಹೊರತಲ್ಲ. ಆಸೆ ತಪ್ಪಲ್ಲ. ಆದರೆ 'ಪಾರ್ಕ್‌ಗೆ ಐದೇ ನಿಮಿಷ' ಎಂಬ ಏಜೆಂಟರ ಮಾತಿಗೆ ಆಯುಷ್ಯದ ಗಳಿಕೆಯನ್ನು ಸುರಿಯುವ ಮುನ್ನ ಸಾತ್-ಬಾರಾ ಉತಾರೆ ನೋಡಬೇಕು. ಮಹಾರಾಷ್ಟ್ರದಲ್ಲಿ ರೈತರಲ್ಲದವರು ಕೃಷಿಭೂಮಿಯನ್ನು ನೇರವಾಗಿ ಖರೀದಿಸುವಂತಿಲ್ಲ. 'ಎನ್.ಎ. ಆಮೇಲೆ ಮಾಡಿಸಿಕೊಡುತ್ತೇವೆ' ಎನ್ನುವುದು ಬರೇ ಬಾಯಿಮಾತು. ಪ್ಲಾಟ್ ಹಾಕಿ ಮಾರುವ ಬಡಾವಣೆಯಾದರೆ ಮಹಾರೇರಾ ನೋಂದಣಿ ಸಂಖ್ಯೆ ಕೇಳಿ. ದಾರಿಯನ್ನೂ ವಿಚಾರಿಸಿ, ಎಕ್ಸ್‌ಪ್ರೆಸ್ ಹೈವೇ ಕಣ್ಣೆದುರೇ ಇದ್ದರೂ ಬೇಕಾದಲ್ಲಿ ಅದಕ್ಕೆ ಇಳಿಯಲು ಬಿಡುವುದಿಲ್ಲ.

ವ್ಯಾಪಾರದ ಲೆಕ್ಕವೂ ಬೇರೆಯೇ. ಇಂತಹ ಪಾರ್ಕ್‌ಗಳಿಗೆ ಜನ ಮುಗಿಬೀಳುವುದು ಶನಿವಾರ, ಭಾನುವಾರ ಮತ್ತು ಶಾಲಾ ರಜೆಯಲ್ಲಿ. ಬ್ಯಾಂಕಿನ ಕಂತಿಗೆ ಮಾತ್ರ ರಜೆಯಿಲ್ಲ. 2020ರಲ್ಲಿ ಕೊರೊನಾದಿಂದ ಪಾರ್ಕ್‌ಗಳು ತಿಂಗಳುಗಟ್ಟಲೆ ಮುಚ್ಚಿದ್ದನ್ನು ಮರೆಯುವಂತಿಲ್ಲ. ಪಾರ್ಕ್‌ನ ಗಿರಾಕಿಗಳಿಲ್ಲದಾಗಲೂ ಊರವರು, ಲಾರಿಯವರು, ಕಾರ್ಖಾನೆ ಕೆಲಸಗಾರರು ಬರುವ ಜಾಗವೇ ಎಂದು ಒಂದು ಮಂಗಳವಾರ ಮಧ್ಯಾಹ್ನ ಹೋಗಿ ನೋಡಿಬರುವುದು ಲೇಸು.

ನಮ್ಮ ಸಂಘಗಳಲ್ಲಿ ವಕೀಲರಿಗೂ ಲೆಕ್ಕಪರಿಶೋಧಕರಿಗೂ ಬರವಿಲ್ಲ. ಸನ್ಮಾನಗಳ ಸಾಲಿನ ನಡುವೆ ಒಂದು ಭಾನುವಾರ ಬಿಡುವು ಮಾಡಿಕೊಂಡು, ಜಾಗ ಕೊಳ್ಳಲು ಹೊರಟ ಸದಸ್ಯರ ಕಾಗದಪತ್ರಗಳನ್ನು ಪರಿಶೀಲಿಸುವ ಸಭೆಯನ್ನು ಪದಾಧಿಕಾರಿಗಳು ಕರೆಯಲಿ.