ಬರ್ಮಾ: ಬಂದೂಕಿಗಿಂತ ಬಲವಾದ ಹಿಡಿತ

ಮ್ಯಾನ್ಮಾರ್‌ನಲ್ಲಿ 2025ರ ಡಿಸೆಂಬರ್‌ನಿಂದ 2026ರ ಜನವರಿವರೆಗೆ ಹಂತ ಹಂತವಾಗಿ ನಡೆದ ಚುನಾವಣೆಯಲ್ಲಿ ಸೇನೆಯ ಬೆಂಬಲವುಳ್ಳ ಪಕ್ಷವೇ ಗೆದ್ದಿತು. ಆಂಗ್ ಸಾನ್ ಸೂ ಕಿ ಅವರ ಪಕ್ಷವನ್ನು 2023ರಲ್ಲೇ ವಿಸರ್ಜಿಸಲಾಗಿದ್ದರಿಂದ ಅದು ಕಣದಲ್ಲಿರಲಿಲ್ಲ. ಆದರೆ ಯಾರು ಗೆದ್ದರೆಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಆ ದೇಶದಲ್ಲಿ ಗೆದ್ದವರ ಕೈಗೆ ಬರುವುದಾದರೂ ಏನು?

ಉತ್ತರವಿರುವುದು ಸೇನಾಡಳಿತವೇ ಬರೆಸಿದ 2008ರ ಸಂವಿಧಾನದಲ್ಲಿ. ಅದರ ಪ್ರಕಾರ ಸಂಸತ್ತಿನ 664 ಸ್ಥಾನಗಳಲ್ಲಿ 166, ಅಂದರೆ ಶೇ 25ರಷ್ಟು, ಸೇನಾ ಮುಖ್ಯಸ್ಥರು ನೇಮಿಸುವ ಅಧಿಕಾರಿಗಳಿಗೆ ಮೀಸಲು. ಸಂವಿಧಾನ ತಿದ್ದುಪಡಿಗೆ ಬೇಕಾದ ಬೆಂಬಲವಾದರೋ ಶೇ 75ಕ್ಕಿಂತ ಹೆಚ್ಚು. ಸೇನೆಯ ಪಾಲನ್ನು ಕ್ರಮೇಣ ತಗ್ಗಿಸುವ ಪ್ರಸ್ತಾವ 2020ರ ಮಾರ್ಚ್‌ನಲ್ಲಿ ಬಿದ್ದುಹೋದದ್ದು ಈ ಸರಳ ಲೆಕ್ಕಾಚಾರದಿಂದಲೇ.

ರಕ್ಷಣೆ, ಗಡಿ ವ್ಯವಹಾರ ಹಾಗೂ ಗೃಹ ಖಾತೆಗಳ ಸಚಿವರನ್ನು ಸೂಚಿಸುವವರೂ ಸೇನಾ ಮುಖ್ಯಸ್ಥರೇ. ಆಡಳಿತದ ಒಳಹೊರಗನ್ನು ಬಲ್ಲವರಿಗೆ ಇವುಗಳಲ್ಲಿ ಗೃಹ ಖಾತೆಯ ಮಹತ್ವ ತಿಳಿಯುತ್ತದೆ. ನಮ್ಮಲ್ಲಿ ಜಿಲ್ಲಾಧಿಕಾರಿ, ತಹಶೀಲ್ದಾರರು ಮಾಡುವ ಬಹುಪಾಲು ಕೆಲಸವನ್ನು ಅಲ್ಲಿ ಸಾಮಾನ್ಯ ಆಡಳಿತ ಇಲಾಖೆ ನಿರ್ವಹಿಸುತ್ತದೆ. ಅದು ಗೃಹ ಖಾತೆಯ ಅಂಗವಾಗಿತ್ತು. ಸೂ ಕಿ ಸರ್ಕಾರ 2018ರ ಕೊನೆಯಲ್ಲಿ ಅದನ್ನು ನಾಗರಿಕ ಅಧೀನಕ್ಕೆ ತಂದಿತು. 2021ರಲ್ಲಿ ಅಧಿಕಾರ ಕಿತ್ತುಕೊಂಡ ಸೇನೆ ಅದೇ ವರ್ಷ ಅದನ್ನು ಮತ್ತೆ ಗೃಹ ಖಾತೆಗೆ ಸೇರಿಸಿತು. ಮಂತ್ರಿ ಯಾರೇ ಆಗಲಿ, ಹಳ್ಳಿಗೆ ಹೋಗುವ ಆದೇಶ ಯಾರದೆಂಬುದೇ ಅಧಿಕಾರದ ನಿಜವಾದ ಅಳತೆ.

ಇನ್ನು ಹಣದ ಮಾತು. 1990 ಮತ್ತು 1997ರಲ್ಲಿ ಸ್ಥಾಪಿತವಾದ ಎರಡು ಸೇನಾ ವಾಣಿಜ್ಯ ಸಂಸ್ಥೆಗಳು ಗಣಿಯಿಂದ ಬ್ಯಾಂಕಿನವರೆಗೆ ಕೈಚಾಚಿವೆ. ಇವುಗಳ ಒಡೆತನದಲ್ಲಿ 100ಕ್ಕೂ ಹೆಚ್ಚು ಉದ್ದಿಮೆಗಳಿರುವುದನ್ನು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2019ರಲ್ಲಿ ಗುರುತಿಸಿತು. ಬಜೆಟ್ಟಿನ ಹೊರಗೆ ಆದಾಯವುಳ್ಳ ಸೇನೆಗೆ ಸಂಸತ್ತಿನ ಹಂಗೇಕೆ?

2020ರ ನವೆಂಬರ್‌ನಲ್ಲಿ ಸೂ ಕಿ ಪಕ್ಷ 476ರಲ್ಲಿ 396 ಸ್ಥಾನ ಗಳಿಸಿತು. 2021ರ ಫೆಬ್ರುವರಿ 1ರಂದು ಕ್ಷಿಪ್ರಕ್ರಾಂತಿ ನಡೆಯಿತು. ಅಧ್ಯಕ್ಷರನ್ನು ಬಂಧಿಸಿದೊಡನೆ, ಸೇನಾ ಸದಸ್ಯರು ಆರಿಸಿದ್ದ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾದರು. ತುರ್ತುಸ್ಥಿತಿ ಸಾರಿ ಸಕಲ ಅಧಿಕಾರವನ್ನೂ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅವರಿಗೆ ವಹಿಸಿದರು. ಮನೆಯೊಡೆಯಲು ಬೇಕಾದ ಕೀಲಿಯನ್ನು ಸಂವಿಧಾನದಲ್ಲೇ ಇಟ್ಟುಕೊಂಡಾಗಿತ್ತು.

ಆ ದೇಶದೊಡನೆ 1,643 ಕಿ.ಮೀ. ಗಡಿ ಹಂಚಿಕೊಂಡಿರುವ ಭಾರತ, ಅಲ್ಲಿ ಆಳುವವರೊಡನೆ ವ್ಯವಹರಿಸದೆ ಇರಲಾಗದು. ಆದರೆ ವ್ಯವಹಾರ ಬೇರೆ, ಮಾನ್ಯತೆ ಬೇರೆ. ಮತ ಎಣಿಕೆಯಷ್ಟನ್ನೇ ನೋಡಿ ಪ್ರಜಾಪ್ರಭುತ್ವ ಮರಳಿತೆಂದು ಅಭಿನಂದಿಸುವ ಮುನ್ನ ನಾವು ಮೂರು ಸಂಗತಿಗಳನ್ನು ವಿಚಾರಿಸಬೇಕು: ಗೃಹ ಸಚಿವರನ್ನು ನೇಮಿಸುವವರು ಯಾರು, ಸೇನೆಯ ಲೆಕ್ಕಪತ್ರ ನೋಡುವವರು ಯಾರು, ಸಂವಿಧಾನವನ್ನು ತಿದ್ದಬಲ್ಲವರು ಯಾರು? ಈ ಮೂರಕ್ಕೂ ಉತ್ತರ ಸೇನೆಯೇ ಆಗಿರುವವರೆಗೆ ಅಲ್ಲಿ ಬದಲಾಗುವುದು ಸಮವಸ್ತ್ರ ಮಾತ್ರ.