ಹೆಬ್ಬೆಟ್ಟು

ಯಾವ ವೇದಿಕೆ ಹತ್ತಿದರೂ ನಮಗೆ ಹೇಳೋದು ಒಂದೇ ಮಾತು: ಓದಿ, ಮುಂದೆ ಬನ್ನಿ. ಓದಿದ್ದೇವೆ ಸ್ವಾಮಿ. ಬಿ.ಎ., ಬಿ.ಕಾಂ., ಕೆಲವರು ಎಂ.ಎ. ಕೂಡ. ಈಗ ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತೇವೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗೋಡೌನು, ಹೋಟೆಲಿನ ಅಡಿಗೆಮನೆ. ಡಿಗ್ರಿ ಸರ್ಟಿಫಿಕೇಟು ಟ್ರಂಕಿನೊಳಗಿದೆ.

ನಾವು ಕೋಲಾರ ಚಿನ್ನದ ಗಣಿಯ ಲೈನುಗಳ ಮಕ್ಕಳು. ಮನೆಯಲ್ಲಿ ತಮಿಳು, ಇಸ್ಕೂಲಿನಲ್ಲಿ ಕನ್ನಡ. ಆರ್ಕಾಟು, ಚಿತ್ತೂರು ಕಡೆಯ ಕೇರಿಗಳಲ್ಲಿ ಜೀತವನ್ನೂ ಬರವನ್ನೂ ಬಿಟ್ಟು ಬಂದವರ ಮೊಮ್ಮಕ್ಕಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರುಮಾಡಿದ ಆ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ನಮ್ಮವರೇ.

ಹಳೇ ಕಾಲ ಚೆನ್ನಾಗಿತ್ತು ಅಂತ ನಾವು ಹಾಡುವುದಿಲ್ಲ. ಆ ಕೆಲಸಕ್ಕೆ ಬೇರೆ ಜನ ಇದ್ದಾರೆ. ಕ್ಲಬ್ಬು, ಬಂಗಲೆ, 'ಮಿನಿ ಇಂಗ್ಲೆಂಡ್' ಎಂದು ಕಣ್ಣೀರು ಸುರಿಸುತ್ತಾರೆ. ಬೆಂಗಳೂರಿಗಿಂತ ಮೊದಲು, 1902ರಲ್ಲೇ, ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತಂತೆ. ಬಂತು, ಗಣಿಯ ಯಂತ್ರಕ್ಕೆ. ನಮ್ಮವರ ತಟ್ಟಿ ಗುಡಿಸಲಿಗಲ್ಲ. ಬಂಡೆ ಸಿಡಿದು ಸತ್ತವರೆಷ್ಟು, ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಮ್ಮಿ ಕೆಮ್ಮಿ ಸತ್ತವರೆಷ್ಟು! ಮುತ್ತಜ್ಜನ ಕಾಲದಲ್ಲಿ ಕೂಲಿ ಕೊಡಿಸುವವನು ಕಂಟ್ರಾಕ್ಟರು, ಕೂಲಿ ಮುರಿಯುವವನೂ ಕಂಟ್ರಾಕ್ಟರು.

ಅದನ್ನು ಬದಲಿಸಿದ್ದು ಯಾವ ದೊರೆಯ ದಯೆಯೂ ಅಲ್ಲ. 1930ರಲ್ಲಿ ಬೆರಳಚ್ಚು ಕೊಡಿ ಎಂದಾಗ ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಹೀಗೆ ಕಾದಾಡಿ ಕಾದಾಡಿ ಯೂನಿಯನ್ನು ಕಟ್ಟಿದರು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು. ಅಕ್ಷರ ಬಾರದ ನಮ್ಮ ಅಜ್ಜಂದಿರಿಗೆ ತಿಂಗಳ ಸಂಬಳ, ಪಿ.ಎಫ್., ಆಸ್ಪತ್ರೆಯ ಚೀಟಿ ಇತ್ತು. ಎದೆ ಹೋಯಿತು, ಆದರೆ ನಾಳೆ ಕೆಲಸ ಇದೆಯೋ ಇಲ್ಲವೋ ಅಂತ ರಾತ್ರಿ ನಿದ್ದೆಗೆಡಲಿಲ್ಲ.

ಅಪ್ಪಂದಿರು ಹತ್ತನೇ ಕ್ಲಾಸು ತನಕ ಓದಿ ಅದೇ ಗಣಿಗೆ ಇಳಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಷ್ಟ ಅಂದರು. ಅದಿರಿನಲ್ಲಿ ಚಿನ್ನ ಇಳಿದಿತ್ತು, ನಿಜ. ಆದರೆ ಎಷ್ಟೋ ವರ್ಷ ಆ ಚಿನ್ನವನ್ನು ಪೇಟೆ ಬೆಲೆಗಲ್ಲ, ಅದಕ್ಕಿಂತ ತೀರ ಕಡಿಮೆಯ ಅಧಿಕೃತ ಬೆಲೆಗೆ ತೆಗೆದುಕೊಂಡದ್ದು ಯಾರು? ಲಾಭ ದೆಹಲಿಗೆ, ನಷ್ಟ ನಮ್ಮ ಲೈನಿಗೆ. ಆಗ ಹತ್ತು ಗ್ರಾಂ ಚಿನ್ನಕ್ಕೆ ಐದು ಸಾವಿರ ರೂಪಾಯಿಯೂ ಇರಲಿಲ್ಲ. 2025ರಲ್ಲಿ ಲಕ್ಷ ದಾಟಿತು. ನಮ್ಮ ಬೆಲೆ ಮಾತ್ರ ಇಳಿಯುತ್ತಲೇ ಬಂತು. ಅಪ್ಪ ಗೋಡೆಗೆ ಪೇಂಟು ಬಳಿಯಲು ಹೋದ, ಅಮ್ಮ ಅಗರಬತ್ತಿ ಹೊಸೆದಳು, ನಮ್ಮನ್ನು ಓದಿಸಿದರು.

ಓದಿ ಬಂದ ನಮ್ಮನ್ನು ಗೇಟಿನಲ್ಲಿ ಕಾಯುತ್ತಿದ್ದವನು ಯಾರು? ಮುತ್ತಜ್ಜನ ಅದೇ ಕಂಟ್ರಾಕ್ಟರು! ಈಗ ಇಸ್ತ್ರಿ ಷರ್ಟು ಹಾಕಿದ್ದಾನೆ, ಏಜೆನ್ಸಿ ಅಂತ ಹೆಸರಿಟ್ಟುಕೊಂಡಿದ್ದಾನೆ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯ ಹೆಸರಿನಲ್ಲೇ 'ರದ್ದತಿ' ಎಂಬ ಮಾತಿತ್ತು. ರದ್ದಾದದ್ದು ಕಾಯಂ ಕೆಲಸ. ಮುತ್ತಜ್ಜ ಕೊಡುವುದಿಲ್ಲ ಎಂದ ಹೆಬ್ಬೆಟ್ಟನ್ನು ಪದವೀಧರರಾದ ನಾವು ದಿನಾ ಬೆಳಿಗ್ಗೆ ಮೆಷಿನ್ನಿನ ಮೇಲೆ ಒತ್ತುತ್ತೇವೆ. ಮುಷ್ಕರ ಯಾಕೆ ಮಾಡಲ್ಲ ಅಂತೀರಾ? ಒಂದೇ ಕಟ್ಟಡದಲ್ಲಿ ನಾಲ್ಕು ಏಜೆನ್ಸಿ. ಮಾಲೀಕ ಏಜೆನ್ಸಿಯನ್ನು ತೋರಿಸುತ್ತಾನೆ, ಏಜೆನ್ಸಿ ಮಾಲೀಕನನ್ನು ತೋರಿಸುತ್ತಾನೆ. ಬಾಯಿಬಿಟ್ಟವನಿಗೆ ನಾಳೆಯಿಂದ ಬರಬೇಡ ಅಂದರೆ ಮುಗೀತು. ಖಾಸಗಿಯವರ ಆ ಗೇಟಿನಲ್ಲಿ ಮೀಸಲಾತಿಯೂ ಇಲ್ಲ. ಆದರೆ ಕಕ್ಕಸು ತೊಳೆಯುವ ಪಾಳಿ ಬಂದಾಗ ಮೇಸ್ತ್ರಿಗೆ ನಮ್ಮ ಜಾತಿ ಹೇಗೋ ಗೊತ್ತಾಗಿರುತ್ತದೆ.

ಇಷ್ಟಾದ ಮೇಲೂ 'ನಿಮಗೆ ಸ್ಕಿಲ್ ಸಾಲದು' ಅನ್ನುವವರಿದ್ದಾರೆ. ಮೂರು ಕಿಲೋಮೀಟರು ಇಳಿದು ಬಂಡೆಯ ಸದ್ದು ಕೇಳಿಯೇ ಸಾವನ್ನು ಗುರುತಿಸುತ್ತಿದ್ದ ಜನಕ್ಕೆ!

ಮೇಷ್ಟ್ರೇ, ನೀವೂ ಕೇಳಿ. ಬಾಬಾಸಾಹೇಬರು ಹೇಳಿದ್ದು ಮೂರು ಮಾತು: ಶಿಕ್ಷಣ, ಸಂಘಟನೆ, ಹೋರಾಟ. ನಿಮ್ಮ ಕ್ಲಾಸಿನಲ್ಲಿ ಮೊದಲನೆಯದೇ ಉಳಿದು ಮಿಕ್ಕವು ಎಲ್ಲಿ ಹೋದವು? ನಮ್ಮ ತಮ್ಮತಂಗಿಯರಿಗಾದರೂ ಮೂರನ್ನೂ ಹೇಳಿಕೊಡಿ.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಇಲ್ಲಿಯ 13 ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಅಜ್ಜಂದಿರು ಅಗೆದು ಮೇಲೆ ತಂದ ಮಣ್ಣದು. ಬೇಸಿಗೆಯಲ್ಲಿ ಅದರ ಧೂಳು ಈಗಲೂ ನಮ್ಮ ಅನ್ನದ ತಟ್ಟೆಗೆ ಬೀಳುತ್ತದೆ. ಹರಾಜು ಹಾಕುವವರೇ, ಕಾಯಂ ಕೆಲಸ ಎಷ್ಟು, ಅದರಲ್ಲಿ ಲೈನಿನ ಮಕ್ಕಳಿಗೆಷ್ಟು, ಅದನ್ನು ಟೆಂಡರಿನ ಕಾಗದದಲ್ಲಿ ಮೊದಲು ಬರೆಯಿರಿ. ಬರೆಯದೆ ಲಾರಿ ತಂದರೆ ದಿಬ್ಬದ ದಾರಿಯಲ್ಲಿ ನಾವು ಕೂತಿರುತ್ತೇವೆ.